ತಪ್ಪಣ್ಣನ ತಪ್ಪಿಲ್ಲದ ಲೈಬ್ರರಿ

ಕೆಂಪು ಮುಚ್ಚಳದ ಪುಟ್ಟ ಟ್ಯೂಬೊಂದನ್ನು ಐಸ್ ಡಬ್ಬಿಯಲ್ಲಿ ಒಂಟಿಯಾಗಿ ಬಿಟ್ಟುಹೋದದ್ದೇ ಅನರ್ಥಕ್ಕೆಲ್ಲ ಮೂಲ.

ಬಿಟ್ಟುಹೋದವನು ತಪ್ಪಣ್ಣ. ಲ್ಯಾಬಿಗೆ ಸೇರಿ ಐದು ವರ್ಷ. ಅವನ ರಜೆ ಅರ್ಜಿ ಕೂಡ ಮೂರು ಸಲ ವಾಪಸಾಗದೆ ಮಂಜೂರಾದದ್ದಿಲ್ಲ; ಹೆಸರು ಬಂದದ್ದು ಹಾಗೆ. ಬಟ್ಟೆಯ ಕಲೆ ತೆಗೆಯುವ ಅವನ ಪ್ರೋಟೀನು ಬಿಸಿನೀರು ಕಂಡೊಡನೆ ಮೂರ್ಛೆ ಹೋಗುತ್ತಿತ್ತು. ಅದಕ್ಕೆ ಮದ್ದೊಂದೇ: ಅದರ ಜೀನನ್ನು ಬೇಕೆಂದೇ ತಪ್ಪುತಪ್ಪಾಗಿ ನಕಲು ಮಾಡಿ, ಆ ಸೊಟ್ಟ ನಕಲುಗಳ ಲೈಬ್ರರಿ ಕಟ್ಟಿ, ಬಿಸಿ ತಡೆಯುವ ಗಟ್ಟಿಗನೊಬ್ಬನನ್ನು ಹುಡುಕುವುದು.

"ಈ ಸಲ ಲೈಬ್ರರಿ ಆಗ್ಲಿಲ್ಲ ಅಂದ್ರೆ ಗಂಟುಮೂಟೆ ಕಟ್ಟು," ಎಂದಿದ್ದರು ಪ್ರೊಫೆಸರು. "ಸಂಬಳ ಕೊಟ್ಟು ತಪ್ಪು ಮಾಡಪ್ಪಾ ಅಂತಿದೀನಿ. ಹುಟ್ಟುಗುಣ ತೋರ್ಸು!"

ಕೆಂಪು ಟ್ಯೂಬಿನಲ್ಲಿದ್ದದ್ದು ನಕಲು ಮಾಡುವಾಗ ಎಡವುವ ಎಂಜೈಮು. ತಪ್ಪಣ್ಣ ನಕಲು ಮಾಡುವ ಯಂತ್ರ ಖಾಲಿಯಿದೆಯೇ ಎಂದು ನೋಡಲು ಹೋದ. ಹಿಂದಿನಿಂದ ಪ್ರೊಫೆಸರರ ದನಿ: "ಹ್ಞೂಂ... ಇನ್ನೂ ಇಲ್ಲೇ ಇದೀಯೇನಪ್ಪಾ?" ಬೆಚ್ಚಿಬಿದ್ದು ಕೈಯಲ್ಲಿದ್ದ ಪಿಪೆಟ್ಟಿನ ಪ್ಲಾಸ್ಟಿಕ್ ತುದಿಗಳ ಪೆಟ್ಟಿಗೆ ಚೆಲ್ಲಿದ. ನೋಡಿದರೆ ಪಕ್ಕದ ಬೆಂಚಿನ ಮಿಮಿಕ್ರಿ ಹುಡುಗ ಹಲ್ಲು ಕಿರಿಯುತ್ತಿದ್ದಾನೆ.

"ನಿನ್ನ ಗಂಟಲು ಕಟ್ಟಿಹೋಗ್ಲಿ!" ಎಂದು ಶಪಿಸುತ್ತ ಎಲ್ಲ ಆಯ್ದು ಮರಳುವ ಹೊತ್ತಿಗೆ ಲ್ಯಾಬಿನ ಸೀನಿಯರ್ ಅಕ್ಕ ಅವನ ಐಸ್ ಡಬ್ಬಿಯ ಬಳಿ ಕೈಗವಸು ಕಳಚುತ್ತಿದ್ದಳು.

"ಈ ಸಲ ನಿಂಗೆ ಒಳ್ಳೇದಾಗುತ್ತೆ ಕಣೋ. ಅಕ್ಕ ಇದೀನಲ್ಲ."

ತಪ್ಪಣ್ಣನ ಕಣ್ಣು ತುಂಬಿತು. ಟ್ಯೂಬಿನಲ್ಲಿದ್ದುದನ್ನು ಜೀನಿಗೆ ಬೆರೆಸಿ ಯಂತ್ರಕ್ಕಿಟ್ಟ.

ನಾಲ್ಕನೆಯ ದಿನ ತೊಂಬತ್ತಾರು ನಕಲುಗಳನ್ನು ಅಕ್ಷರ ಅಕ್ಷರವಾಗಿ ಓದಿದ ವರದಿ ಬಂತು. ಪ್ರೊಫೆಸರು ಪರದೆಗೆ ಮೂಗು ತಾಗುವಷ್ಟು ಬಾಗಿದರು. ತೊಂಬತ್ತಾರೂ ಮೂಲದ ಪಡಿಯಚ್ಚು. ಒಂದಕ್ಷರ ಆಚೀಚೆ ಇಲ್ಲ.

"ಒಂದೇ ಒಂದು ತಪ್ಪೂ ಇಲ್ವಲ್ಲೋ!"

ಹಿಗ್ಗಿದವಳು ಅಕ್ಕ ಒಬ್ಬಳೇ. "ಇರೋದಾದ್ರೂ ಹೇಗೆ ಸಾರ್? ಪಾಪ, ಮತ್ತೆ ತಪ್ಪು ಮಾಡೋ ಎಂಜೈಮೇ ತಂದಿಟ್ಕೊಂಡಿದ್ದ. ಅದನ್ನ ಚೆಲ್ಲಿ, ಅದೇ ಟ್ಯೂಬಿಗೆ ನನ್ನ ದುಬಾರಿ ಎಂಜೈಮ್ ಹಾಕ್ದೆ. ತಪ್ಪೇ ಮಾಡಲ್ಲ ಅದು!"

ಪ್ರೊಫೆಸರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಇನ್ಮೇಲೆ ಲೈಬ್ರರಿ ನೀವೇ ಕಟ್ಟಿಯಮ್ಮ. ಹೇಳದೇನೇ ಇಷ್ಟು ದೊಡ್ಡ ತಪ್ಪು ಮಾಡೋರು ಇರುವಾಗ, ಹೇಳಿದ್ರೂ ಮಾಡದವನು ನಂಗ್ಯಾಕೆ?"

ಸಂಜೆ ತಪ್ಪಣ್ಣ ಆಫೀಸಿನ ಕಿಟಕಿಯಲ್ಲಿ ಕೆಲಸದಿಂದ ಬಿಡುಗಡೆಯ ಅರ್ಜಿ ತುಂಬಿ ಕೊಟ್ಟ. ಒಂದು ತಪ್ಪು ಸಿಕ್ಕರೂ ವಾಪಸ್ ಬರುತ್ತದೆ, ನಾಳೆಯೂ ಲ್ಯಾಬಿಗೆ ಬರಬಹುದು, ಪ್ರೊಫೆಸರರ ಕೈಕಾಲು ಹಿಡಿಯಬಹುದು. ಗುಮಾಸ್ತರು ಮೇಲಿಂದ ಕೆಳಗೆ ಎರಡು ಸಲ ಓದಿದರು. ಟಪ್ಪೆಂದು ಮುದ್ರೆ ಒತ್ತಿದರು.

"ಭಲೇ! ಮೊದಲ್ನೇ ಸಲಕ್ಕೇ ಎಲ್ಲಾ ಸರಿಯಾಗಿದೆ ಕಣಪ್ಪಾ."