ನಮ್ಮಲ್ಲಿ ಪಿಶಂಗ ಸಿಗುತ್ತದೆ

ಬ್ಲೌಸ್ ಪೀಸ್ ಮಾರುವ ಮ್ಯಾಚಿಂಗ್ ಸೆಂಟರ್ ಇಟ್ಟುಕೊಂಡವರಿಗೆ ಬಣ್ಣದ ಜಗಳ ತಪ್ಪಿದ್ದಲ್ಲ. ಸೀರೆ ಹಿಡಿದು ಬಂದವರು ಬಟ್ಟೆಯನ್ನು ಬಾಗಿಲಿಗೆ ಒಯ್ದು ಬಿಸಿಲಿನಲ್ಲಿ ನೋಡುತ್ತಾರೆ, ಒಳಗೆ ತಂದು ಟ್ಯೂಬ್‌ಲೈಟಿನಲ್ಲಿ ನೋಡುತ್ತಾರೆ, ಕೊನೆಗೆ ಅತ್ತಿಗೆಗೆ ಫೋಟೋ ಕಳಿಸಿ, ಅವಳು ಬೇಡವೆಂದಳು ಎಂದು ಎದ್ದು ಹೋಗುತ್ತಾರೆ. ವಿಶಾಖಪಟ್ಟಣದಲ್ಲಿ ಒಂದು ಹೊಲಿಗೆ ಮಿಷನ್ನಿನಿಂದ ಈ ಅಂಗಡಿ ಎಬ್ಬಿಸಿದವಳು ನಾನು, ಯಾರ ಮುಂದೆಯೂ ಕೈಚಾಚದೆ. ಇಂಥ ಜಗಳಕ್ಕೆ ಹೆದರುವವಳಲ್ಲ. ಆದರೆ ಕಳೆದ ವರ್ಷದ ಜಗಳವನ್ನು ಮಾತ್ರ ನಾನೇ ಒಂದು ಪುಸ್ತಕದೊಳಗಿಂದ ಎತ್ತಿಕೊಂಡು ಬಂದೆ.

೧. ಊಟಕ್ಕೆ ಮುಂಚೆಯೋ, ಆಮೇಲೋ

ಬಳ್ಳಾರಿಯಲ್ಲಿ ನನ್ನನ್ನು ಏಳನೇ ತರಗತಿಗೇ ಶಾಲೆ ಬಿಡಿಸಿದ್ದರು. ಉಳಿದದ್ದನ್ನು ನಾನೇ ಓದಿಕೊಂಡೆ. ಈಗಲೂ ಗಿರಾಕಿ ಇಲ್ಲದಾಗ ಗಲ್ಲಾದ ಮುಂದೆ ಪುಸ್ತಕ ಬಿಡಿಸುತ್ತೇನೆ, ಪಕ್ಕದಲ್ಲೇ ಒಂದು ಹಳೆಯ ಕನ್ನಡ ನಿಘಂಟು. ಪುಟದ ಕೆಳಗೆ ಅರ್ಥ ಕೊಟ್ಟಿದ್ದರೆ ಹಳೆಗನ್ನಡ ಕಾವ್ಯವನ್ನೂ ಬಿಡುವುದಿಲ್ಲ. ಹಾಗೆ ಓದುವಾಗ ಒಬ್ಬ ಮುನಿಯ ಜಟೆ ‘ಪಿಶಂಗ’ ಬಣ್ಣದ್ದು ಎಂದು ಬಂತು. ಕೆಳಗೆ ಅರ್ಥ: ಹಳದಿ ಕಲೆತ ಕಂದುಗೆಂಪು.

ಇಷ್ಟು ವರ್ಷ ಬಣ್ಣ ಮಾರಿದವಳಿಗೆ ಹೆಸರು ಗೊತ್ತಿಲ್ಲದ ಬಣ್ಣವೇ! ಮಹಡಿ ಮೇಲೆ ಬಾಡಿಗೆಗಿರುವ ಹುಬ್ಬಳ್ಳಿಯ ಹುಡುಗ ಪರವಾಡದ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಕಂಪನಿ ಬಸ್ಸಿಗೆ ಓಡುತ್ತಿದ್ದವನನ್ನು ಮೆಟ್ಟಿಲಲ್ಲೇ ತಡೆದು ಕೇಳಿದೆ: “ಪಿಶಂಗ ಅಂದ್ರೇನು ಗೊತ್ತೇನಪ್ಪ?”

ಅವನು ಗಂಭೀರವಾಗಿ ಯೋಚಿಸಿ ಹೇಳಿದ: “ಆಂಟಿ, ಡಾಕ್ಟರ್ ಅದನ್ನ ಊಟಕ್ಕ ಮುಂಚೆ ತಗೊಳ್ಳಾಕ ಹೇಳ್ಯಾರೋ, ಆಮ್ಯಾಲೋ?”

೨. ಪಂಥ

ರ‍್ಯಾಕುಗಳನ್ನೆಲ್ಲ ಕೆದಕಿದೆ. ಗೋಧಿಬಣ್ಣದ ಬಟ್ಟೆಯ ಸುರುಳಿಗಳ ಕೆಳಗೆ ಒಂದು ಥಾನು ಸಿಕ್ಕಿತು. ಆಗತಾನೇ ಒಡೆದ ಬೆಲ್ಲದಚ್ಚಿನ ಒಳಗಿನಂತೆ ಇತ್ತು. ಅಂಗಡಿ ನೋಡಿಕೊಳ್ಳುವ ಮಗಳ ಮುಂದೆ ಹಾಸಿದೆ.

“ನೋಡೇ, ಪಿಶಂಗ.”

“ಮಸ್ಟರ್ಡ್ ಬ್ರೌನ್ ಅಮ್ಮಾ ಇದು.”

ನನ್ನ ಮಗಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಬೈಯುವುದು ತೆಲುಗಿನಲ್ಲಿ. ಕನ್ನಡ ಓದಲು ಬಾರದು. ತೆಲುಗು ಬಲ್ಲವಳಿಗೆ ಅಕ್ಷರಗಳು ಅರ್ಧ ಪರಿಚಯದವೇ, ಉಳಿದರ್ಧ ಕಲಿ ಎಂದು ಅವಳ ಚಿಕ್ಕಂದಿನಿಂದ ಗೋಗರೆದಿದ್ದೇನೆ. ನನ್ನ ಬೀರು ತುಂಬ ಇರುವ ಪುಸ್ತಕಗಳಿಗೆ ನನ್ನ ನಂತರ ದಿಕ್ಕು ಯಾರು? ಈ ಊರಿನಲ್ಲಿ ರದ್ದಿಯವನೇ ದಿಕ್ಕು.

“ಸರಿ,” ಎಂದಳು ಮಗಳು. “ನೀನು ಹೇಳಿಕೊಡದೆ ಒಬ್ಬೇ ಒಬ್ಬ ಗಿರಾಕಿ ಬಂದು ಈ ಬಣ್ಣವನ್ನ ಈ ಹೆಸರಿಂದ ಕೇಳಲಿ. ಅವತ್ತೇ ಕನ್ನಡ ಓದೋಕೆ ಕೂತ್ಕೋತೀನಿ.”

“ಅವತ್ತು ಹೊಟ್ಟೆನೋವು ಅನ್ನಬಾರದು,” ಎಂದೆ.

“ಯಾಕೆ ಅಂತೀನಿ? ಆ ದಿನ ಬಂದ್ರೆ ತಾನೇ!”

೩. ಒನ್ ಟೌನಿನಲ್ಲಿ ಇಲ್ಲವೆನ್ನುವುದಿಲ್ಲ

ಒಂದು ಥಾನಿನಿಂದ ಹೆಸರು ಊರಲ್ಲಿ ಹಬ್ಬುವುದಿಲ್ಲ. ಹೆಚ್ಚಿನ ಮಾಲಿಗೆ ಮಗಳನ್ನು ಕರೆದುಕೊಂಡು ವಿಜಯವಾಡದ ಒನ್ ಟೌನಿಗೆ ಹೋದೆ. ಅಲ್ಲಿನ ನನ್ನ ಹೋಲ್‌ಸೇಲ್ ಸಾಹುಕಾರರ ಬಾಯಲ್ಲಿ ‘ಇಲ್ಲ’ ಎಂಬ ಮಾತನ್ನು ನಾನು ಕೇಳಿಯೇ ಇಲ್ಲ. ಇಲ್ಲವೆಂದರೆ ಗಿರಾಕಿ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತುತ್ತಾರಲ್ಲ.

“ಪಿಶಂಗ ಇದೆಯಾ ಅಂಡಿ?” ಎಂದು ತೆಲುಗಿನ ಮರ್ಯಾದೆ ಸೇರಿಸಿಯೇ ಕೇಳಿದೆ.

“ಉಂದಮ್ಮಾ, ಉಂದಿ! ನಿನ್ನೆಯಷ್ಟೇ ಲಾರಿಯಲ್ಲಿ ಬಂತು.”

ಗಂಟು ಬಿಚ್ಚಿಸಿದರು. ಗಿಳಿಹಸಿರು. ಇದಲ್ಲ ಎಂದೆ. ಇನ್ನೊಂದು ಬಿಚ್ಚಿಸಿದರು. ನೇರಳೆ. ಅದೂ ಅಲ್ಲ ಎಂದೆ. ಮೂರನೆಯದು ಅಚ್ಚ ಕಪ್ಪು.

“ಸಾಹುಕಾರರೇ, ಮೂರೂ ಬೇರೆ ಬೇರೆ ಬಣ್ಣ!”

ಅವರು ಚಹಾ ಹೀರುತ್ತ ಸಮಾಧಾನವಾಗಿ ಹೇಳಿದರು: “ಮೂರೂ ಪಿಶಂಗಾನೇ ಅಮ್ಮಾ. ಮಿಲ್ಲು ಬೇರೆ.”

೪. ರ‍್ಯಾಕಿನ ಚೀಟಿ

ಕೊನೆಗೆ ನಾನೇ ಗಂಟುಗಳನ್ನು ಕೆದಕಿ ಸರಿಯಾದ ಬಣ್ಣದ ನಾಲ್ಕು ಥಾನು ತಂದು ಒಂದು ರ‍್ಯಾಕು ತುಂಬಿಸಿದೆ. ಮೇಲೆ ತೆಲುಗಿನಲ್ಲಿ ದಪ್ಪಗೆ ‘ಪಿಶಂಗ’ ಎಂದು ಬರೆದು ಅಂಟಿಸಿದೆ. ಬಾಯಿಬಿಟ್ಟು ಹೇಳಿಕೊಡಬಾರದು ಎಂದಿತ್ತೇ ಹೊರತು ಚೀಟಿ ಅಂಟಿಸಬಾರದು ಎಂದಿರಲಿಲ್ಲ.

ಒಂದು ಬೆಳಿಗ್ಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಬಂದರು. ಚೀಟಿ ನೋಡಿದರು, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು, ತಲೆದೂಗಿದರು. ನಾನು ಮಗಳ ಕಡೆ ನೋಡಿದೆ.

“ಒಳ್ಳೆ ಬಟ್ಟೆ,” ಎಂದರು ಅವರು. “ಈ ಪಿಶಂಗದಲ್ಲಿ ಗುಲಾಬಿ ಬಣ್ಣ ಕೊಡಿ. ಒಗೆದರೆ ಕುಗ್ಗಲ್ಲ ತಾನೇ?”

ಮಗಳು ನಕ್ಕು ನಕ್ಕು ಕತ್ತರಿ ಕೆಳಗಿಟ್ಟಳು.

೫. ಒರಿಜಿನಲ್

ಮದುವೆಗಳ ಕಾಲ ಬಂತು. ಮಗಳ ಮದುವೆ ಮುಂದಿಟ್ಟುಕೊಂಡಿದ್ದ ತಾಯಿಯೊಬ್ಬರು ಸೀರೆಯ ಚೀಲದೊಂದಿಗೆ ಅವಸರವಾಗಿ ಒಳಬಂದು, ಯಾವ ರ‍್ಯಾಕನ್ನೂ ನೋಡದೆ ನೇರವಾಗಿ ಕೇಳಿದರು:

“ಪಿಶಂಗ ಬಣ್ಣ ಇದೆಯಾ?”

ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ನನ್ನ ಮಗಳಿಗೆ ನಂಬಿಕೆಯಿಲ್ಲ. “ಯಾರು ಹೇಳಿದರು ಅಂಡಿ ನಿಮಗೆ ಈ ಹೆಸರು?”

“ಎದುರಿನ ಅಂಗಡಿಯಲ್ಲಿ ಬೋರ್ಡೇ ಹಾಕಿದ್ದಾರಲ್ಲಮ್ಮಾ, ‘ಒರಿಜಿನಲ್ ಪಿಶಂಗ’ ಅಂತ. ಅಲ್ಲಿ ತೋರಿಸಿದ್ದು ಮೆರೂನ್ ಇದ್ದಂಗಿತ್ತು, ನನ್ನ ಸೀರೆಗೆ ಕೂಡಲಿಲ್ಲ. ನಿಮ್ಮದು ಡೂಪ್ಲಿಕೇಟು, ಹೋಗಬೇಡಿ ಅಂದರು. ಡೂಪ್ಲಿಕೇಟಾದರೂ ಇರಲಿ ಅಂತ ಬಂದೆ.”

ನನಗೆ ಕುಣಿಯುವಷ್ಟು ಖುಷಿ. ಕದ್ದಾದರೂ ಸರಿ, ಬೀದಿಯ ಎರಡು ಅಂಗಡಿಗಳಲ್ಲಿ ಆ ಶಬ್ದ ಓಡಾಡುತ್ತಿದೆ! ಮಗಳ ಮುಖ ಮಾತ್ರ ಕೆಂಡವಾಯಿತು. ಎದುರಿನ ಅಂಗಡಿಗೆ ನುಗ್ಗಿದಳು. ತೆಲುಗಿನ ಬೈಗುಳ ಇಲ್ಲಿಯವರೆಗೂ ಕೇಳಿಸಿತು. ಬಿರಬಿರನೆ ವಾಪಸು ಬಂದಳು.

“ಪಿಶಂಗ ಅಂದ್ರೆ ಮೆರೂನೇ ಅಂತಾನೆ ಅವನು! ನಮ್ಮದು ಸುಳ್ಳಂತೆ! ಎಲ್ಲಮ್ಮಾ ನಿನ್ನ ನಿಘಂಟು? ನಾನೇ ಓದಿ ಅವನ ಮುಖಕ್ಕೆ ಹಿಡೀತೀನಿ.”

“ನಾನು ಓದಿ ಹೇಳ್ಲಾ?” ಎಂದೆ.

“ನೀನು ಅಂಗಡಿ ಯಜಮಾನಿ, ನೀನು ಹೇಳಿದ್ರೆ ಅವನು ನಂಬಲ್ಲ. ಇದು ‘ಪ’ ತಾನೇ?”

ಗಲ್ಲಾದ ಮೇಲೆ ನಿಘಂಟು ಬಿಚ್ಚಿ ಅಕ್ಷರದ ಮೇಲೆ ಬೆರಳಿಟ್ಟು ಕೂಡಿಸುತ್ತ ಹೋದಳು. “ಪಿ... ಶಂ... ಗ. ಕ... ಪಿ... ಲ ನೋಡಿ.” ಪುಟ ತಿರುವಿದಳು. “ಕಪಿಲ. ಪಿಂ... ಗ... ಳ ನೋಡಿ.” ಮತ್ತೆ ತಿರುವಿದಳು. “ಪಿಂಗಳ. ಪಿಶಂಗ ನೋಡಿ.” ಹಲ್ಲು ಕಡಿದು ಮತ್ತೆ ಮೊದಲಿನಿಂದ ಹೊರಟಳು. ಎರಡನೇ ಸುತ್ತಿಗೆ ಬೆರಳು ಬೇಕಾಗಲಿಲ್ಲ.

ಮದುವೆಯ ತಾಯಿ ಗಡಿಯಾರ ನೋಡಿಕೊಂಡರು. “ಅಮ್ಮಾ, ನೀವು ಓದಿ ಮುಗಿಸುವಷ್ಟರಲ್ಲಿ ನನಗೆ ಮೊಮ್ಮಗು ಆಗುತ್ತೆ. ಯಾವುದೋ ಒಂದು ಬ್ರೌನ್ ಕೊಟ್ಟು ಕಳಿಸಿ.”

ಮಗಳು ನಿಘಂಟಿನಿಂದ ತಲೆಯೆತ್ತದೆ ಹೇಳಿದಳು: “ಬ್ರೌನ್ ನಮ್ಮಲ್ಲಿ ಸಿಗಲ್ಲ ಅಂಡಿ.”