ಉಬ್ಬಸದವರ ಮನೆಯ ಬೆಕ್ಕು, ಮೇಕೆ, ಗಿಣಿ

ನಾಡಿ ಹಿಡಿಯುವ ಕಸುಬಿನವನ ಮುಂದೆ ಜನ ಹೊಟ್ಟೆನೋವು ಹೇಳಿಕೊಳ್ಳುತ್ತಾರೆ, ಗಂಡನ ದೂರು ಹೇಳಿಕೊಳ್ಳುತ್ತಾರೆ, ಪಕ್ಕದ ಮನೆಯ ಗುಟ್ಟನ್ನೂ ಹೇಳಿಬಿಡುತ್ತಾರೆ. ಮನೆಯಲ್ಲಿ ಏನು ಸಾಕಿದ್ದೇವೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಪಟ್ಟಣದ ಕೋಟೆಯಲ್ಲಿ ಸುಲ್ತಾನರಿದ್ದ ಕಾಲದಲ್ಲಿ ನಾನು ಔಷಧದ ಚೀಲ ಹೆಗಲಿಗೆ ಹಾಕಿಕೊಂಡು ಶ್ರೀರಂಗಪಟ್ಟಣದಿಂದ ಹಿರೋಡೆ, ಅತ್ತಿಕುಪ್ಪೆ, ನಾಗಮಂಗಲದವರೆಗೂ ತಿರುಗುತ್ತಿದ್ದೆ. ಉಸಿರಿಗೆ ಒದ್ದಾಡುವವರ ಮನೆಗೆ ಹೋದರೆ ಬಾಗಿಲಲ್ಲೇ ಯಾವುದೋ ಒಂದು ಪ್ರಾಣಿ ಎದುರಾಗುತ್ತಿತ್ತು. ಅದನ್ನು ದೂರ ಇಡಿ ಅಂದೆನೋ, ಅಲ್ಲಿಂದ ಶುರು ನೋಡಿ ಪಜೀತಿ.

ಎದೆಯ ಮೇಲೆ ಕೂತದ್ದು

ನಾಗಮಂಗಲದ ಒಬ್ಬ ಕಂಚುಗಾರ ಆಚಾರ್ರು ನನ್ನನ್ನು ಹುಡುಕಿಕೊಂಡು ಬಂದರು. ಆಳು ಗಟ್ಟಿಮುಟ್ಟು, ಮುಖ ಮಾತ್ರ ಬಾಡಿತ್ತು.

"ಮನಗುದ್ರೆ ಸಾಕು ಪಂಡಿತ್ರೇ, ಎದೆ ಮ್ಯಾಲೆ ಯಾರೋ ಬಂದು ಕೂತಂಗಾಯ್ತದೆ. ಉಸ್ರೇ ಆಡಾಕಿಲ್ಲ" ಅಂದರು.

ಊರಿನವರು ಅದು ದೆವ್ವ ಅಂದಿದ್ದರು. ತೋಳಿನಲ್ಲಿ ತಾಯತ, ಕೊರಳಲ್ಲಿ ಇನ್ನೊಂದು ತಾಯತ. ನಾನು ನಾಡಿ ನೋಡಿದೆ, ಕಫ ಅಂದೆ, ಆಡುಸೋಗೆ ಕಷಾಯ ಕೊಟ್ಟೆ. ದೆವ್ವವೂ ಹೋಗಲಿಲ್ಲ, ಕಫವೂ ಹೋಗಲಿಲ್ಲ. ಕೊನೆಗೆ ನಾನೇ ಅವರ ಮನೆಗೆ ಹೋದೆ. ಆಚಾರ್ರು ಉಂಡು ಪಡಸಾಲೆಯಲ್ಲಿ ಅಂಗಾತ ಮಲಗಿದ್ದರು. ಎದೆಯ ಮೇಲೆ ಕುರಿಮರಿಯಷ್ಟು ದಪ್ಪದ ಬೆಕ್ಕೊಂದು ಮುದುರಿಕೊಂಡು ನಿದ್ದೆ ಹೊಡೆಯುತ್ತಿತ್ತು. ಹೆಂಡತಿ ತೀರಿಕೊಂಡ ವರ್ಷ ತಾನಾಗಿ ಬಂದು ಸೇರಿಕೊಂಡದ್ದಂತೆ.

"ಇದೇನು ಆಚಾರ್ರೇ, ದಿನಾ ಹೀಗೇನಾ?"

"ಊಂ, ದಿನಾ ಇಲ್ಲೇ ಕೂರ್ತದೆ."

"ಮತ್ತೆ ಎದೆ ಮೇಲೆ ಯಾರೋ ಬಂದು ಕೂತ ಹಾಗಾಗ್ತದೆ ಅಂದ್ರಲ್ಲ!"

ಆಚಾರ್ರು ಬೆಕ್ಕಿನ ಬೆನ್ನು ಸವರುತ್ತಾ ನನ್ನನ್ನೇ ವಿಚಿತ್ರವಾಗಿ ನೋಡಿದರು. "ಇದು ಯಾರೋ ಅಲ್ಲ ಪಂಡಿತ್ರೇ. ಇದು ನಮ್ದು."

ಆಚೆಗೆ ಹಾಕಿದ್ದು

ಕೋಟೆಯ ಹೊರಗಿನ ಗಂಜಾಮಿನಲ್ಲಿ ಒಬ್ಬ ಮುದಿ ಸವಾರ ಸಾಬರಿದ್ದರು. ಸುಲ್ತಾನರ ಕುದುರೆ ದಂಡಿನಲ್ಲಿದ್ದು, ಕಾಲು ಕುಂಟಾದ ಮೇಲೆ ಮನೆ ಸೇರಿದವರು. ಮನೆ ಅಂದರೆ ಒಂದೇ ಕೋಣೆ. ಅದರ ತುಂಬ ಪಾರಿವಾಳ. ಅಟ್ಟದಲ್ಲಿ, ಗೂಡಿನಲ್ಲಿ, ತೂಗುಹಾಕಿದ ಹಳೇ ಜೀನಿನ ಮೇಲೂ ಪಾರಿವಾಳ. ಸಾಬರು ಮಾತಾಡುವಾಗ ಎದೆಯೊಳಗೆ ಸೀಟಿ ಊದಿದ ಹಾಗೆ ಕೇಳಿಸುತ್ತಿತ್ತು.

"ಸಾಬ್ರೇ, ಈ ರೆಕ್ಕೆ ಧೂಳು ನಿಮಗೆ ಆಗಿ ಬರೋದಿಲ್ಲ. ನೀವೂ ಅವೂ ಒಂದೇ ಸೂರಿನಡಿ ಮಲಗಬೇಡಿ" ಅಂದೆ.

"ಆಯ್ತು ಪಂಡಿತ್‌ಜೀ, ನಿಮ್ ಹುಕುಮ್" ಅಂದರು. ಅಷ್ಟು ಬೇಗ ಒಪ್ಪಿಕೊಂಡ ರೋಗಿಯನ್ನು ನಾನು ಅವತ್ತಿನವರೆಗೂ ಕಂಡಿರಲಿಲ್ಲ.

ಮತ್ತೆ ಆ ಕಡೆ ಹೋದಾಗ ಸಾಬರು ಬೀದಿಯ ಜಗುಲಿಯಲ್ಲಿ ಹಗ್ಗದ ಮಂಚ ಹಾಕಿಕೊಂಡು, ಕಂಬಳಿ ಹೊದ್ದು ಕೂತಿದ್ದರು. ಹಿಂದೆ ಬಾಗಿಲು ಭದ್ರವಾಗಿ ಮುಚ್ಚಿತ್ತು. ಒಳಗಿನಿಂದ ಗುಟುರ್ ಗುಟುರ್ ಸದ್ದು.

"ಉಸಿರು ಹೇಗಿದೆ?"

"ಬಹುತ್ ಅಚ್ಛಾ! ಸೀಟಿ ಗೀಟಿ ಏನೂ ಇಲ್ಲ."

"ಅದು ಸರಿ. ಆಚೆಗೆ ಹಾಕಬೇಕಾದದ್ದು ಪಾರಿವಾಳಗಳನ್ನ!"

ಸಾಬರು ನನ್ನ ಬುದ್ಧಿಗೆ ಮರುಗಿದವರಂತೆ ತಲೆಯಾಡಿಸಿದರು. "ಅರೆ, ಅವನ್ನ ಆಚೆ ಮಲಗಿಸಿದ್ರೆ ಬೆಕ್ಕು ತಿಂದ್ಬುಡ್ತದೆ ಪಂಡಿತ್‌ಜೀ. ನನ್ನ ಯಾವ ಬೆಕ್ಕು ತಿಂತದೆ?"

ತವರಿಗೆ ಹೋದದ್ದು

ಹಿರೋಡೆಯ ಗೌಡರೊಬ್ಬರಿಗೆ ಕೆಮ್ಮು ಅಂಟಿಕೊಂಡು ಮೈ ಇಳಿದುಹೋಗಿತ್ತು. ಬದುಕುವುದು ಕಷ್ಟ ಅಂತ ಮನೆಯವರೆಲ್ಲ ಅಂದುಕೊಂಡಿದ್ದರು. ಮೇಕೆಯ ಹಾಲು ಕುಡಿಸಿ, ಮೇಕೆಯ ಹತ್ತಿರವೇ ಇರಲಿ ಅಂತ ನಮ್ಮ ಶಾಸ್ತ್ರ ಹೇಳುತ್ತದೆ. ನಾನೂ ಹಾಗೇ ಹೇಳಿದೆ. ಪಕ್ಕದ ಹಳ್ಳಿಯಿಂದ ಒಂದು ಕರೀ ಮೇಕೆ ತಂದರು. ಬೇಸಿಗೆ ಕಳೆಯುವುದರೊಳಗೆ ಗೌಡರು ಎದ್ದು ಓಡಾಡಿದರು. ಗೌಡತಿ ನನ್ನ ಕಾಲಿಗೆ ಬಿದ್ದು ಅತ್ತಳು.

ಆಮೇಲೆ ಅವಳಿಗೆ ಶುರುವಾಯಿತು.

"ಅದು ಒಳೀಕೆ ಬಂದ್ರೆ ಸಾಕು ಕಣ್ರಪ್ಪ, ಮೊದ್ಲು ಸೀನು. ಸೀನಿ ಸೀನಿ ಆಮ್ಯಾಕೆ ಗೂರ್ಲು. ರಾಗಿ ಬೀಸಾಕೂ ಉಸ್ರಿಲ್ಲ" ಅಂದಳು.

ನಾನು ಗೌಡರನ್ನು ಕರೆದು ಕೂರಿಸಿಕೊಂಡೆ. "ನೋಡಿ ಗೌಡ್ರೇ, ಇಬ್ಬರೂ ಒಂದೇ ಮನೇಲಿರೋದು ಆಗೋದಿಲ್ಲ. ಒಬ್ಬರನ್ನ ದೂರ ಕಳಿಸಬೇಕು."

ಗೌಡರು ಮೇಕೆಯ ಕಡೆ ನೋಡಿದರು. ಅಡುಗೆಮನೆಯ ಕಡೆ ನೋಡಿದರು. ನಿಟ್ಟುಸಿರು ಬಿಟ್ಟು, "ಅಂಗಾರೆ ಒಂದಷ್ಟ್ ದಿನ ತೌರ್‌ಗೆ ಕಳುಸ್ಬುಡ್ತೀನಿ ಬುಡಿ" ಅಂದರು.

ಅಡುಗೆಮನೆಯಲ್ಲಿ ಮುದ್ದೆ ತಿರುವುವ ಸದ್ದು ನಿಂತಿತು. "ಯಾರ್ನ? ಒಸಿ ಗಟ್ಟಿಯಾಗಿ ಏಳಿ, ನಾನೂ ಕೇಳುಸ್ಕತೀನಿ."

"ಮೇಕೇನೆ ಕಣಮ್ಮಿ!" ಗೌಡರು ಗಡಬಡಿಸಿದರು. "ಅದ್ಕೂ ತೌರು ಅಂತ ಒಂದು ಇರಾಕಿಲ್ವಾ?"

ಮೇಕೆ ಪಕ್ಕದ ಹಳ್ಳಿಗೆ, ತಾನು ಹುಟ್ಟಿದ ಮನೆಗೇ ವಾಪಸಾಯಿತು. ಗೌಡರು ದಿನಾ ಬೆಳಗ್ಗೆ ಅಲ್ಲಿಗೆ ನಡೆದುಹೋಗಿ ಹಾಲು ಕುಡಿದು, ಅದರ ಮೈದಡವಿ ಬರುತ್ತಿದ್ದರು. ಆ ನಡಿಗೆಯಿಂದ ಎದೆ ಇನ್ನೂ ಗಟ್ಟಿಯಾಯಿತು. ಗೌಡತಿಯ ಗೂರಲೂ ಹೋಯಿತು. ಹೋಗದೆ ಉಳಿದದ್ದು ಒಂದೇ ಮಾತು, ಸಿಕ್ಕಾಗಲೆಲ್ಲ ಹೇಳುತ್ತಿದ್ದಳು: "ನಾನು ಬಾಣಂತನಕ್ಕೆ ತೌರ್‌ಗೋದಾಗ ಈವಯ್ಯ ಒಂದ್ ದಿನಾನೂ ತಿರುಗ್ ನೋಡ್ನಿಲ್ಲ!"

ಹೆಣ್ಣು ನೋಡುವ ದಿನ

ಹೊಸಹೊಳಲಿನ ಅಕ್ಕಸಾಲಿ ಆಚಾರ್ರು ನನಗೆ ಬೇಕಾದವರು. ದಿನವೆಲ್ಲ ಅಗ್ಗಿಷ್ಟಿಕೆಯ ಮುಂದೆ ಕೂತು ಊದುಗೊಳವೆ ಊದುವ ಕೆಲಸ. ತಲೆಯ ಮೇಲೇ ಗಿಣಿಯ ಪಂಜರ. ಗಿಣಿ ರೆಕ್ಕೆ ಕೊಡವಿದರೆ ಧೂಳೆಲ್ಲ ಅವರ ಮೂಗಿಗೆ. ಒಂದು ಉಂಗುರ ಬೆಸೆಯುವಷ್ಟು ಉಸಿರೂ ಇಲ್ಲದಂತಾದಾಗ ಪಂಜರವನ್ನು ಹಿತ್ತಲ ಜಗುಲಿಗೆ ಸಾಗಿಸಿದೆವು. ಬರಬರುತ್ತಾ ಆಚಾರ್ರ ಕೆಮ್ಮು ನಿಂತಿತು. ಗಿಣಿಯದು ನಿಲ್ಲಲಿಲ್ಲ. ಅದು ಅವರ ಕೆಮ್ಮನ್ನೂ ಉಸಿರೆಳೆತವನ್ನೂ ಇದ್ದ ಹಾಗೇ ಕಲಿತುಬಿಟ್ಟಿತ್ತು.

ಅವರ ಮಗಳನ್ನು ನೋಡಲು ಬೆಳ್ಳೂರಿನಿಂದ ಗಂಡಿನ ಕಡೆಯವರು ಬಂದರು. ಹಿಂದೆ ಒಂದು ಸಂಬಂಧ ಮುರಿದುಹೋಗಿದ್ದರಿಂದ ಮನೆಯವರಿಗೆಲ್ಲ ಒಳಗೇ ಅಳುಕು. ನಾನೂ ಹೋಗಿ ಕೂತಿದ್ದೆ. ಹುಡುಗಿ ಬೆಲ್ಲ ನೀರು ತಂದಿಟ್ಟಳು. ಗಂಡಿನ ದೊಡ್ಡಪ್ಪ ಬೆಲ್ಲ ಬಾಯಿಗಿಡಬೇಕು, ಹಿತ್ತಲಿಂದ ಪ್ರಾಣ ಹೋಗುವಂಥ ಕೆಮ್ಮು ಕೇಳಿಸಿತು.

ದೊಡ್ಡಪ್ಪ ಬೆಲ್ಲ ಕೆಳಗಿಟ್ಟರು. "ಒಳಗೆ ಯಾರ್ಗೋ ಗೂರ್ಲು ಜೋರಾಗದಂಗದೆ?"

"ಅದು ಗಿಣಿ ಕಣ್ರಪ್ಪ" ಅಂದರು ಆಚಾರ್ರು.

"ಗಿಣಿ ಗೂರ್ಲು ಬರ್ಸ್ಕತದಾ? ಮನೆತನದ ಕಾಯ್ಲೇನ ಬಾಯಿಲ್ಲದ ಪಕ್ಸಿ ತಲೆ ಮ್ಯಾಲೆ ಆಕ್ತೀರಲ್ಲ!"

ಹುಡುಗಿಯ ಕಣ್ಣು ತುಂಬಿಬಂತು. ನಾನು ಎದ್ದು ಹೋಗಿ ಪಂಜರವನ್ನೇ ತಂದು ನಡುಮನೆಯಲ್ಲಿಟ್ಟೆ. ಗಿಣಿ ಎಲ್ಲರನ್ನೂ ನೋಡಿ ತುಟಿ ಪಿಟಕ್ ಅನ್ನಲಿಲ್ಲ. ಆಚಾರ್ರು ಅಂಗಲಾಚಿದರು, "ಕೆಮ್ಮವ್ವಾ, ನನ್ನವ್ವ, ಒಂದೇ ಸತಿ ಕೆಮ್ಮು." ಕೆಮ್ಮಲಿಲ್ಲ. ಗಿಣಿಗೆ ತೋರಿಸಿಕೊಡೋಣ ಅಂತ ಆಚಾರ್ರೇ ಕೆಮ್ಮಿದರು.

"ನೋಡಿದ್ರಾ, ಇವ್ರ್ಗೇ ಅದೆ!" ದೊಡ್ಡಪ್ಪ ಹೆಗಲ ವಲ್ಲಿ ಕೊಡವಿ ಎದ್ದುನಿಂತರು. "ನಡೀರ್ಲಾ, ಓಗವಾ."

ಆಗ ಗಿಣಿ ಕತ್ತು ಕೊಂಕಿಸಿ, ಥೇಟ್ ನಾನು ಆಚಾರ್ರನ್ನು ಪರೀಕ್ಷಿಸುವಾಗಿನ ದನಿಯಲ್ಲಿ ಗದರಿಸಿತು:

"ನಾಲ್ಗೆ ಚಾಚು!"

ದೊಡ್ಡಪ್ಪ ದಬಕ್ಕನೆ ಕೂತು, ಕಣ್ಣು ಮುಚ್ಚಿ, ಬುಡ ಕಾಣುವ ಹಾಗೆ ನಾಲಗೆ ಚಾಚಿದರು.

ಇಷ್ಟು ಪಳಗಿದ ನಾಲಗೆ ವೈದ್ಯರನ್ನು ಕಾಣದ್ದಲ್ಲ ಅಂತ ನನಗೆ ಗೊತ್ತಾಯಿತು. ದೊಡ್ಡಪ್ಪನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ನಮ್ಮ್ ಯಜಮಾನ್ರ್ಗೂ ಗೂರ್ಲು ಅದೆ ಕಣವ್ವಾ. ಊರ್ ಪಂಡಿತ್ರು ಇಂಗೇ ಗದರುಸ್ತಾರೆ" ಅಂದುಬಿಟ್ಟರು. ಮೊದಲು ನಕ್ಕವಳು ಹುಡುಗಿ. ಆಮೇಲೆ ಗಂಡು. ಆಮೇಲೆ ತಡೆಯುವವರೇ ಇಲ್ಲ. ಆ ನಗುವಿನಲ್ಲೇ ಎಲೆ ಅಡಿಕೆ ತಟ್ಟೆ ಬದಲಾಯಿತು, ಸಂಬಂಧ ಕುದುರಿತು.

ದೊಡ್ಡಪ್ಪ ಮಾತ್ರ ಕೂತ ಜಾಗದಿಂದ ಏಳದೆ ನನ್ನನ್ನು ಹತ್ತಿರ ಕರೆದರು.

"ಎಂಗೂ ಚಾಚ್ಬುಟ್ಟಿವ್ನಿ ಪಂಡಿತ್ರೇ" ಅಂದರು ಮೆಲ್ಲಗೆ, "ಒಂದ್ಸತಿ ನೋಡೇಬುಡಿ."