ಸ್ಕ್ಯಾನರಿಗೆ ಇಟ್ಟ ಕುಂಕುಮ

ನನಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿದ್ದು ಬಂದ ಏಳನೇ ವರ್ಷಕ್ಕೆ. ಅಲ್ಲಿಯವರೆಗೆ ನಾನು ಹೆಂಡತಿಯ ವೀಸಾಕ್ಕೆ ಅಂಟಿಕೊಂಡ ಬಾಲಂಗೋಚಿ. ಸುಮಾ ಸಾಂಟಾ ಕ್ಲಾರಾದ ಚಿಪ್ ಕಂಪನಿಗೆ ಹೋಗುತ್ತಿದ್ದಳು, ನಾನು ಫ್ರೀಮಾಂಟಿನ ಅಪಾರ್ಟ್‌ಮೆಂಟಿನಲ್ಲಿ ಒಗ್ಗರಣೆ ಹಾಕುತ್ತಿದ್ದೆ. ಪಾರ್ಟಿಗಳಲ್ಲಿ ಅವಳು "ಇವರು ನಮ್ಮೆಜಮಾನ್ರು" ಎಂದು ಪರಿಚಯಿಸಿ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಮುಂದೆ ಹೇಳಲು ಏನೂ ಇರಲಿಲ್ಲ. ಅವಳು ನಿಲ್ಲಿಸಿದ ಆ ಜಾಗ ನನಗೆ ಚುಚ್ಚುತ್ತಿತ್ತು.

ಕೊನೆಗೂ ಕೆಲಸದ ಪರವಾನಗಿ ಬಂತು. ಒಂದು ಸರ್ಕಾರಿ ಇಲಾಖೆಯ ಹಳೇ ದಾಖಲೆಗಳ ಕಚೇರಿಯಲ್ಲಿ, ಮಾಹಿತಿ ಕೌಂಟರಿನಲ್ಲಿ, ಮೂರು ತಿಂಗಳ ಕಾಂಟ್ರ್ಯಾಕ್ಟು. ಕೆಲಸ ಹಿಡಿಸಿದರೆ ಮುಂದುವರಿಸುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ಮೇಲಧಿಕಾರಿ ಲಿಂಡಾ ಮೊದಲ ದಿನವೇ ನಗುನಗುತ್ತಾ ಹೇಳಿದರು. ಇಲ್ಲಿಯವರು ಎಲ್ಲವನ್ನೂ ನಗುನಗುತ್ತಲೇ ಹೇಳುತ್ತಾರೆ.

ಕೆಲಸ ಸುಲಭದ್ದು. ಎರಡನೇ ಮಹಾಯುದ್ಧ ಮುಗಿದಾಗ ಆ ಇಲಾಖೆಯ ಉಗ್ರಾಣಗಳಲ್ಲಿ ಕಂಬಳಿ, ಮಂಚ, ಪಾತ್ರೆ ರಾಶಿಗಟ್ಟಲೆ ಮಿಕ್ಕಿದ್ದವಂತೆ. ಅವನ್ನು ಶಾಲೆ, ಚರ್ಚು, ಆಸ್ಪತ್ರೆಗಳಿಗೆ ಹಂಚಿದ್ದರು. ಒಂದೊಂದು ವಸ್ತುವಿಗೂ ಒಂದು ನಂಬರು, ಒಂದು ಕಾರ್ಡು. ನಾನು ಕಾರ್ಡುಗಳನ್ನು ಕಟ್ಟುಕಟ್ಟಾಗಿ ಸ್ಕ್ಯಾನ್ ಮಾಡಿ ಪೆಟ್ಟಿಗೆಗೆ ವಾಪಸ್ ಇಟ್ಟು, ಆಮೇಲೆ ಕಂಪ್ಯೂಟರಿನಲ್ಲಿ ನೋಡಿಕೊಂಡು ವಿವರ ತುಂಬಬೇಕು. ಯಾರಾದರೂ ಮಾಹಿತಿ ಕೇಳಿದರೆ ಉತ್ತರ ಬರೆಯಬೇಕು. "ಒಂದು ಮಾತು ನೆನಪಿರಲಿ. ಕಾರ್ಡಿನ ಬಲಮೂಲೆಯಲ್ಲಿ ಕೆಂಪು ಚುಕ್ಕೆ ಇದ್ದರೆ ಆ ವಸ್ತುವನ್ನು ನಾಶಪಡಿಸಲಾಗಿದೆ ಎಂದರ್ಥ," ಎಂದಿದ್ದರು ಲಿಂಡಾ. ನೆನಪಿಟ್ಟುಕೊಂಡೆ. ಅದೇ ಎಡವಟ್ಟಾಯಿತು.

ಎರಡನೇ ತಿಂಗಳಿಗೆ ಆಯುಧಪೂಜೆ ಬಂತು. ಸುಮಾ ಬೆಳಿಗ್ಗೆಯೇ ಕಾರಿಗೆ, ಲ್ಯಾಪ್‌ಟಾಪಿಗೆ, ಮಿಕ್ಸಿಗೆ ಕುಂಕುಮ ಇಟ್ಟು ಮುಗಿಸಿದಳು.

"ರೀ, ನಿಮ್ಮ ಆಯುಧ ಯಾವುದು?"

"ಸ್ಕ್ಯಾನರು. ಆಫೀಸಲ್ಲಿದೆ."

"ಏಳು ವರ್ಷದ ಮೇಲೆ ಸಿಕ್ಕಿರೋ ಕೆಲಸ ರೀ. ಅದಕ್ಕೊಂದು ಬೊಟ್ಟು ಇಡದೇ ಇರ್ತೀರಾ?" ಎಂದು ಕಾಗದದಲ್ಲಿ ಕುಂಕುಮ ಕಟ್ಟಿ ಜೇಬಿಗೆ ಹಾಕಿದಳು.

ಲಿಂಡಾ ಕಾಫಿಗೆ ಹೋದ ಹೊತ್ತು ನೋಡಿ ಕಾರ್ಯ ಆರಂಭಿಸಿದೆ. ಸ್ಕ್ಯಾನರಿನ ಮೈಮೇಲೆ ಇಟ್ಟರೆ ಎಲ್ಲರಿಗೂ ಕಾಣುತ್ತದೆ, ಸರ್ಕಾರಿ ಸೊತ್ತು ಬೇರೆ. ಯಾರ ಕಣ್ಣಿಗೂ ಬೀಳದ ಜಾಗ ಬೇಕು. ಮುಚ್ಚಳ ಎತ್ತಿ, ಬೆರಳನ್ನು ನೀರಿಗೆ ಅದ್ದಿ, ಒಳಗಿನ ಗಾಜಿನ ಮೂಲೆಯಲ್ಲಿ ಒಂದು ಪುಟ್ಟ ಬೊಟ್ಟಿಟ್ಟು ಕೈಮುಗಿದು ಮುಚ್ಚಿದೆ. ಸ್ಕ್ಯಾನರಿನಲ್ಲಿ ಜಗತ್ತಿಗೇ ಕಾಣುವ ಜಾಗವೆಂದರೆ ಆ ಗಾಜು ಮಾತ್ರ ಎಂಬ ಸಂಗತಿ ಆ ಕ್ಷಣದಲ್ಲಿ ನನ್ನ ಗಮನಕ್ಕೆ ಬರಲಿಲ್ಲ.

ಮುಂದಿನ ಎರಡು ವಾರ ನನ್ನ ಕಂಪ್ಯೂಟರಿನಲ್ಲಿ ಪ್ರಳಯ. ಯಾವ ಕಾರ್ಡು ತೆರೆದರೂ ಕೆಂಪು ಚುಕ್ಕೆ. ಮಂಚಗಳು ನಾಶ. ಕಂಬಳಿಗಳು ನಾಶ. ಒಂದು ಆಸ್ಪತ್ರೆಗೆ ಕೊಟ್ಟ ಚಮಚಗಳೆಲ್ಲ ಸಾಮೂಹಿಕವಾಗಿ ನಾಶ. ನಾನು ಶ್ರದ್ಧೆಯಿಂದ ಎಲ್ಲದರ ಮುಂದೆಯೂ "ನಾಶಪಡಿಸಲಾಗಿದೆ" ಎಂದು ತುಂಬಿದೆ. ಮನೆಗೆ ಬಂದು, "ಎಂಥಾ ದುಂದುಗಾರ ಜನ ಸುಮಾ, ಒಂದನ್ನೂ ಉಳಿಸಿಲ್ಲ," ಎಂದು ಮರುಗಿದ್ದೂ ಉಂಟು.

ಅದೇ ಸಮಯಕ್ಕೆ ಡೋರಿಸ್ ಎಂಬ ಅಜ್ಜಿಯ ಪತ್ರ ಬಂತು. ಅವರ ಚರ್ಚಿನ ಅಡುಗೆಮನೆಯಲ್ಲಿರುವ ಕೊಪ್ಪರಿಗೆ ಹೀಗೆ ಹಂಚಿದ ಪಾತ್ರೆಗಳಲ್ಲಿ ಒಂದಂತೆ. ಊರಿನ ಮ್ಯೂಸಿಯಂನವರು ಪ್ರದರ್ಶನಕ್ಕೆ ತೆಗೆದುಕೊಳ್ಳುತ್ತಾರೆ, ಆದರೆ ಪುರಾವೆ ಬೇಕು. ನಾನು ಕಂಪ್ಯೂಟರಿನಲ್ಲಿ ಕಾರ್ಡು ಹುಡುಕಿ, ಸದರಿ ಕೊಪ್ಪರಿಗೆಯನ್ನು ನಾಶಪಡಿಸಲಾಗಿದೆ ಎಂದು ವಿಷಾದಪೂರ್ವಕವಾಗಿ ತಿಳಿಸಿದೆ.

ಐದನೇ ದಿನ ಡೋರಿಸ್ ಖುದ್ದಾಗಿ ಬಂದರು. ಕೈಗಾಡಿಯ ಮೇಲೆ ಕೊಪ್ಪರಿಗೆ.

"ನೀವು ನಾಶವಾಗಿದೆ ಅಂತ ಬರೆದಿದ್ದು ಇದೇ. ಭಾನುವಾರ ಇದರಲ್ಲಿ ಸೂಪು ಮಾಡಿದ್ದೆ."

ನಮ್ಮ ರಕ್ತದಲ್ಲಿರುವ ಕಚೇರಿ ಗುಣ ಎಲ್ಲಿ ಹೋಗುತ್ತದೆ? "ಮೇಡಂ, ದಾಖಲೆ ಪ್ರಕಾರ ಇದು ಇಲ್ಲ," ಎಂದೆ.

ಅವರು ಅದನ್ನು ಕೈಯಲ್ಲಿದ್ದ ಊರುಗೋಲಿನಿಂದ ಬಡಿದರು. ಇಲ್ಲದ ಕೊಪ್ಪರಿಗೆಯ ಸದ್ದಿಗೆ ಕಚೇರಿಯೆಲ್ಲ ಎದ್ದು ನಿಂತಿತು. ತಳದಲ್ಲಿ ನಂಬರು ಕೊರೆದಿತ್ತು. ನನ್ನ ಪತ್ರದಲ್ಲಿದ್ದದ್ದೇ ನಂಬರು.

ಲಿಂಡಾ ಪೆಟ್ಟಿಗೆಯಿಂದ ಮೂಲ ಕಾರ್ಡು ತೆಗೆಸಿದರು. ಮೂಲೆಯಲ್ಲಿ ಚುಕ್ಕೆಯಿಲ್ಲ. ಇನ್ನೊಂದು ತೆಗೆದರು, ಅದರಲ್ಲೂ ಇಲ್ಲ. ಹತ್ತನೆಯದಾದ ಮೇಲೆ ನೆಟ್ಟಗೆ ಹೋಗಿ ಸ್ಕ್ಯಾನರಿನ ಮುಚ್ಚಳ ಎತ್ತಿದರು.

"ಇದೇನು?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಲ್ಲ ಹೇಳಿದೆ. ವರ್ಷಕ್ಕೊಮ್ಮೆ ಉಪಕರಣಗಳನ್ನು ಪೂಜಿಸುತ್ತೇವೆ, ಅವು ನಮ್ಮ ಕೈಬಿಡದಿರಲಿ ಎಂದು.

"ಇದು ಬಿಟ್ಟಿಲ್ಲ. ಚೆನ್ನಾಗಿ ಅಂಟಿಕೊಂಡಿದೆ," ಎಂದರು ಲಿಂಡಾ, ಉಗುರಿನಿಂದ ಕೆರೆಯುತ್ತಾ. ಆ ದಿನ ಮೊದಲ ಬಾರಿಗೆ ಅವರು ನಗಲಿಲ್ಲ.

ಡೋರಿಸ್‌ಗೆ ಅಲ್ಲೇ ಹೊಸ ಪತ್ರ ಬರೆದುಕೊಟ್ಟೆ. ಸದರಿ ಕೊಪ್ಪರಿಗೆ ಅಸ್ತಿತ್ವದಲ್ಲಿದೆ ಎಂದು ನಾನು ಪ್ರಮಾಣೀಕರಿಸಿದ್ದನ್ನು ಅವರು ಎರಡು ಸಲ ಓದಿ, ಕೈಗಾಡಿಯಿದ್ದರೂ ಕೊಪ್ಪರಿಗೆಯನ್ನು ಕಾರಿನವರೆಗೆ ನನ್ನ ಕೈಯಲ್ಲೇ ಹೊರಿಸಿಕೊಂಡು ಹೋದರು.

ಕಾಂಟ್ರ್ಯಾಕ್ಟು ಮುಗಿಯಲು ಎರಡು ವಾರ ಉಳಿದಿತ್ತು. ಲಿಂಡಾ ಕರೆದರು. ಎಲ್ಲಾ ಮುಗಿಯಿತು, ಇನ್ನು ಮತ್ತೆ "ನಮ್ಮೆಜಮಾನ್ರು" ಎಂದುಕೊಂಡು ಒಳಗೆ ಹೋದೆ.

"ಎಷ್ಟು ಕಾರ್ಡು ಹೀಗಾಗಿವೆ?"

ಪೆಟ್ಟಿಗೆಗಳ ಕಡೆ ಕೈ ತೋರಿಸಿದೆ.

"ಮತ್ತೆ ಸ್ಕ್ಯಾನ್ ಮಾಡಿ, ಒಂದೊಂದಕ್ಕೂ ತಿದ್ದುಪಡಿ ಅರ್ಜಿ ತುಂಬಿ, ಕೈಯಾರೆ ಸರಿಪಡಿಸಲು ಎಷ್ಟು ಕಾಲ ಬೇಕು?"

"ಆರು ತಿಂಗಳಾದರೂ ಬೇಕು," ಎಂದೆ ಪ್ರಾಮಾಣಿಕವಾಗಿ.

ಅವರು ನನ್ನನ್ನು ನೋಡಿದರು, ಪೆಟ್ಟಿಗೆಗಳನ್ನು ನೋಡಿದರು. ಇದಕ್ಕೆ ಇನ್ನೊಬ್ಬರನ್ನು ಎಲ್ಲಿಂದ ಹುಡುಕಿ ತರುವುದು ಎಂದು ಗೊಣಗಿಕೊಂಡು ಒಂದು ಕಾಗದಕ್ಕೆ ಸಹಿ ಹಾಕಿ ಕೊಟ್ಟರು.

ಸಂಜೆ ಸುಮಾ ಮೈಸೂರಿಗೆ ಅವಳಮ್ಮನಿಗೆ ಫೋನ್ ಮಾಡಿದಳು. "ಅಮ್ಮಾ, ಇವರು ಮಾಡಿರೋ ಕೆಲಸ ನೋಡಿ ಇನ್ನೂ ಆರು ತಿಂಗಳು ಮುಂದುವರಿಸಿದಾರೆ," ಎಂದಳು.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವಾದ್ದರಿಂದ ನಾನು ತಿದ್ದಲು ಹೋಗದೆ ತಟ್ಟೆ ಹಾಕಿಕೊಂಡು ಕೂತೆ.